ಅತ್ತೆಯ ಆರೈಕೆ ಸೊಸೆ ಒಬ್ಬಳ ಕೆಲಸವೆ?

ಅಕ್ಕ ತಂಗಿಯರೆ, ನಿಮ್ಮ ಬೀದಿಯಲ್ಲಿ ಅರವತ್ತು ದಾಟಿದವರು ಎಷ್ಟು ಮಂದಿ ಇದ್ದಾರೆ? ಬೆರಳು ಮಡಿಸಿ ಎಣಿಸಿ. ಎರಡು ಕೈ ಬೆರಳೂ ಸಾಲದೆ ಹೋಗಬಹುದು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಇಂಥ ಹಿರಿಯರು 10 ಕೋಟಿಗೂ ಹೆಚ್ಚು ಇದ್ದರು. ಅವರಲ್ಲಿ ನೂರಕ್ಕೆ ಸುಮಾರು 71 ಮಂದಿ ಹಳ್ಳಿಯವರು. ಗಂಡಸರಿಗಿಂತ ಹೆಂಗಸರೇ ಜಾಸ್ತಿ.

ಹಿಂದೆ ಮನೆ ತುಂಬ ಜನ ಇರುತ್ತಿದ್ದರು. ಈಗ ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ಇನ್ನೆಲ್ಲೋ. ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಊರಲ್ಲಿ ಉಳಿದವರು ಅಜ್ಜ, ಅಜ್ಜಿ, ಒಬ್ಬ ಸೊಸೆ. ಆ ಸೊಸೆ ಕೂಲಿಗೂ ಹೋಗಬೇಕು, ಹಸುವಿಗೂ ಹುಲ್ಲು ತರಬೇಕು.

ನಮ್ಮ ಕಲಿಕೆ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ತಾಯಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರು. ನಾವು ಮನೆಗೆ ಹೋಗಿ ಕೇಳಿದೆವು. "ಅತ್ತೆ ಹಾಸಿಗೆ ಹಿಡಿದವ್ರೆ ಮೇಡಂ. ಬುಟ್ಟು ಹೆಂಗ್ ಬರ್ಲಿ?" ಅಂದರು. ಅವರ ಕೂಲಿ ಹೋಯಿತು. ಓದೂ ಹೋಯಿತು. ನಿದ್ದೆಯೂ ಇಲ್ಲ. ಒಳಗೆ ಮಲಗಿದ್ದ ಅಜ್ಜಿ ಮೆಲ್ಲಗೆ, "ನನ್ನಿಂದ ಇವಳಿಗೆ ಕಷ್ಟ" ಅನ್ನುತ್ತಿದ್ದರು. ಕಷ್ಟ ಇಬ್ಬರಿಗೂ ಇತ್ತು. ತಪ್ಪು ಇಬ್ಬರದೂ ಅಲ್ಲ.

ಪಕ್ಕದ ಕೇರಳದಲ್ಲಿ

ಈ ಕೆಲಸವನ್ನು ಊರೇ ಹಂಚಿಕೊಳ್ಳಬಹುದು. ಕೇರಳದ ಜನ ಹಾಗೆ ಮಾಡಿ ತೋರಿಸಿದ್ದಾರೆ.

1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವೈದ್ಯರು ಒಂದು ಸೇವೆ ಶುರು ಮಾಡಿದರು. ವಾಸಿಯಾಗದ ಕಾಯಿಲೆಯಿಂದ ನರಳುವವರಿಗೆ ನೋವು ಕಡಿಮೆ ಮಾಡುವುದು ಅವರ ಉದ್ದೇಶ. ಇದಕ್ಕೆ 'ಪಾಲಿಯೇಟಿವ್ ಕೇರ್' ಅನ್ನುತ್ತಾರೆ. ಆದರೆ ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರುವುದು ಹೇಗೆ? ಆರೈಕೆಯೇ ಮನೆಗೆ ಹೋಗಬೇಕು. ಮನೆ ಮನೆಗೂ ಹೋಗುವಷ್ಟು ಡಾಕ್ಟರುಗಳು ಎಲ್ಲಿದ್ದಾರೆ?

ಅದಕ್ಕೆ ಅವರು ನೆರೆಹೊರೆಯವರಿಗೇ ತರಬೇತಿ ಕೊಟ್ಟರು. 2000ದ ಆಸುಪಾಸಿನಲ್ಲಿ ಮಲಪ್ಪುರಂ ಜಿಲ್ಲೆಯ ಊರೂರಲ್ಲಿ ಇಂಥ ಗುಂಪುಗಳು ಹುಟ್ಟಿದವು. ವಾರಕ್ಕೆ ಎರಡು ಗಂಟೆ ಬಿಡುವು ಇರುವವರು ಯಾರಾದರೂ ಸೇರಬಹುದಿತ್ತು. ಗಂಡಸರೂ ಸೇರಿದರು. ದುಡ್ಡನ್ನು ಊರಿನವರೇ ಚೂರು ಚೂರು ಕೂಡಿಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿ ಮಾಡಿತು. ಆಮೇಲೆ ಪಂಚಾಯಿತಿಗಳೂ ಕೈ ಜೋಡಿಸಿದವು. ನರ್ಸ್ ಮನೆಗೇ ಬಂದು ಗಾಯ ತೊಳೆದು ಕಟ್ಟುತ್ತಾರೆ. ಔಷಧಿ ನೋಡುತ್ತಾರೆ. ಮೊದಲು ಕ್ಯಾನ್ಸರ್ ಆದವರಿಗೆ ಅಂತ ಶುರುವಾದದ್ದು. ಈಗ ಲಕವ ಹೊಡೆದವರಿಗೂ, ಮುಪ್ಪಿನಿಂದ ಮಲಗಿದವರಿಗೂ ಸಿಗುತ್ತದೆ.

ಹಾಗೆ ಬರುವ ನೆರೆಯವರು ದೊಡ್ಡ ಚಿಕಿತ್ಸೆ ಮಾಡುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಮೈ ಒರೆಸಲು, ಬಟ್ಟೆ ಬದಲಿಸಲು ಕೈ ಹಾಕುತ್ತಾರೆ. ಇಷ್ಟಾದರೆ ಮನೆಯವರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನಮಗಂತೂ ಇದೇ ದೊಡ್ಡ ಉಪಕಾರ ಅನ್ನಿಸುತ್ತದೆ.

ನಮ್ಮ ಬೀದಿಯಲ್ಲಿ

ನಮ್ಮ ಊರುಗಳಲ್ಲಿ ಸ್ತ್ರೀಶಕ್ತಿ ಸಂಘ ಇದೆ. ಆಶಾ ಕಾರ್ಯಕರ್ತೆ ಇದ್ದಾರೆ. ಸಂಘದಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಈ ಮಾತನ್ನೂ ಎತ್ತಬಹುದು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ? ಯಾರು ಯಾವ ದಿನ ಒಂದು ಗಂಟೆ ಕೂರಬಹುದು? ನಾಲ್ಕು ಜನ ಸರದಿ ಹಾಕಿಕೊಂಡರೆ ಸೊಸೆ ಸಂತೆಗೆ ಹೋಗಿ ಬರಬಹುದು, ಪಾಠಕ್ಕೂ ಬರಬಹುದು. ಎತ್ತಿ ಕೂರಿಸುವ ಕೆಲಸಕ್ಕೆ ಗಂಡಸರನ್ನು ಕರೆಯಿರಿ. ಮಗನಿಗೆ ತಾಯಿಯನ್ನು ಎತ್ತಲು ನಾಚಿಕೆ ಯಾಕೆ?

ಇಲ್ಲಿ ನೀವು ಕಲಿತ ಅಕ್ಷರ ಬಹಳ ಕೆಲಸಕ್ಕೆ ಬರುತ್ತದೆ. ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟೆವು, ಏನು ಉಂಡರು, ಯಾವ ಕಡೆಗೆ ಮಲಗಿಸಿದೆವು ಎಂದು ಬರೆಯಿರಿ. ಮುಂದೆ ಸರದಿಗೆ ಬಂದವರು ಓದಿಕೊಳ್ಳುತ್ತಾರೆ. ಒಂದೇ ಮಾತ್ರೆ ಎರಡು ಸಲ ಕೊಡುವುದು ತಪ್ಪುತ್ತದೆ. ಡಾಕ್ಟರಿಗೂ ಅದನ್ನೇ ತೋರಿಸಬಹುದು.

ಮಲಗಿಸುವ ಕಡೆ ಯಾಕೆ ಬರೆಯಬೇಕು ಅಂತೀರಾ? ಒಂದೇ ಕಡೆ ಮಲಗಿದರೆ ಸೊಂಟ, ಬೆನ್ನಿನ ಬುಡ, ಹಿಮ್ಮಡಿ ಒತ್ತಿ ಹುಣ್ಣಾಗುತ್ತದೆ. ಆ ಹುಣ್ಣು ಮೂಳೆವರೆಗೂ ಇಳಿಯಬಹುದು. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿದ ಬಟ್ಟೆ ಒಣಗಿರಲಿ, ಸುಕ್ಕಿಲ್ಲದಿರಲಿ. ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ ಕಂಡರೆ ಅಲ್ಲಿ ಉಜ್ಜಬೇಡಿ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇನ್ನೊಂದು ಮಾತು. ಮಲಗಿದವರ ಬಾಯಿಗೆ ಗಂಜಿ ಹಾಕಬೇಡಿ. ಎತ್ತಿ ಕೂರಿಸಿ ತಿನ್ನಿಸಿ. ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಹೋಗಬಹುದು.

ಓಡಾಡುವ ಹಿರಿಯರಿಗೆ ಬೀಳುವ ಭಯ. ರಾತ್ರಿ ಒಂದು ಸಣ್ಣ ದೀಪ, ಬಚ್ಚಲಲ್ಲಿ ಹಿಡಿದುಕೊಳ್ಳಲು ಗಟ್ಟಿ ಆಸರೆ, ಜಾರದ ನೆಲ ಇದ್ದರೆ ಎಷ್ಟೋ ಸೊಂಟಗಳು ಉಳಿಯುತ್ತವೆ. ಕಣ್ಣಿಗೆ ಪೊರೆ ಬಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದುಡ್ಡಿಲ್ಲ.

'ಅರವತ್ತಕ್ಕೆ ಅರಳು ಮರಳು' ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಉಂಡದ್ದನ್ನು ಮರೆತು "ನನಗೆ ಊಟ ಹಾಕಿಲ್ಲ" ಎಂದು ಬೀದಿಯಲ್ಲಿ ಹೇಳುವ ಅಜ್ಜಿ ಸೊಸೆಯ ಮೇಲೆ ದೂರು ಹೇಳುತ್ತಿರುವುದಿಲ್ಲ. ಅದು ಮಿದುಳಿನ ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಬೇಕು. ಬೀದಿಯವರೂ ಇದನ್ನು ತಿಳಿದಿರಬೇಕು. ಇಲ್ಲವಾದರೆ ಸೊಸೆಗೆ ಸುಮ್ಮನೆ ಕೆಟ್ಟ ಹೆಸರು.

ಕಾನೂನು ಏನು ಹೇಳುತ್ತದೆ?

2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆ ಒಂದು ಕಾನೂನು ಬಂತು. ಪಾಲಿಸಬೇಕಾದ ಮಕ್ಕಳು ಎಂದರೆ ಯಾರು? ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳು ಎಂದು ಅದರಲ್ಲಿದೆ. ಸೊಸೆ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ಆದರೂ ಹಾಸಿಗೆ ಬದಲಿಸುವವಳು ಅವಳೇ ತಾನೆ! ಊರು ಬಿಟ್ಟು ಹೋದ ಮಗನಿಗೂ ಮಗಳಿಗೂ ಜವಾಬ್ದಾರಿ ಇದೆ. ದುಡ್ಡು ಕಳಿಸಬೇಕು, ಬಂದು ನೋಡಬೇಕು.

ಮಕ್ಕಳು ಕೈಬಿಟ್ಟರೆ ಹಿರಿಯರು ಉಪವಿಭಾಗಾಧಿಕಾರಿ ಕಚೇರಿಗೆ, ಅಂದರೆ ಎ.ಸಿ. ಆಫೀಸಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ಜಮೀನನ್ನೋ ಮನೆಯನ್ನೋ ಮಕ್ಕಳಿಗೆ ದಾನವಾಗಿ ಬರೆದುಕೊಡುವಾಗ ಎಚ್ಚರ ಇರಲಿ. 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದಲ್ಲಿ ಬರೆಸಿ. ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿ ಎಂದು ಕೇಳಬಹುದು. ಹೆಬ್ಬೆಟ್ಟು ಒತ್ತುವ ಮೊದಲು ಪತ್ರವನ್ನು ನೀವು ಓದಿ ಅಜ್ಜಿಗೆ ಹೇಳಿ.

65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಹಿರಿಯರ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಅಭ್ಯಾಸ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 14567 ಎಂದು ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ಆಶಾ ಕಾರ್ಯಕರ್ತೆಯ ಹೆಸರು ಬರೆಯಿರಿ. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರ ಹೆಸರು, ಅವರನ್ನು ನೋಡಿಕೊಳ್ಳುವವರ ಹೆಸರು ಎದುರುಬದುರು ಬರೆಯಿರಿ. ಮುಂದಿನ ಪಾಠಕ್ಕೆ ಬರುವಾಗ ಆ ಪಟ್ಟಿ ತನ್ನಿ. ಸರದಿ ಹಾಕುವುದನ್ನು ಒಟ್ಟಿಗೆ ಕೂತು ಮಾಡೋಣ.