ಆ ಲಿಂಕು ಯಾಕೆ ಹಾಕಿದೆ, ಮರಿ?

ದಸರಾ ಹತ್ತಿರ ಬಂತೆಂದರೆ ನಿನ್ನ ಬರವಣಿಗೆಗೂ ಹಬ್ಬದ ಅಮಲೇರುತ್ತದೆ. ಆನ್‌ಲೈನ್ ಅಂಗಡಿಗಳ ರಿಯಾಯಿತಿ ಮಾರಾಟ ಯಾವತ್ತಿನಿಂದ, ಯಾವ ಬ್ಯಾಂಕಿನ ಕಾರ್ಡಿಗೆ ಎಷ್ಟು ಕಡಿತ ಅಂತ ನೆಟ್ಟಗೆ ಶುರು ಮಾಡುತ್ತೀಯ. ನಾಲ್ಕನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ‘ಈ ಅವಕಾಶ ಬಿಟ್ಟರೆ ಮತ್ತೆ ಸಿಗದು’ ಅಂತ ನೀನೇ ಅವಸರ ಮಾಡುತ್ತೀಯ. ಕೊನೆಗೊಂದು ಲಿಂಕು ಬೇರೆ. ಮೊದಲ ಮೂರು ಪ್ಯಾರಾ ವರದಿಗಾರಿಕೆ. ನಾಲ್ಕನೆಯದಕ್ಕೆ ಸಂಬಳ ಕೊಟ್ಟವರು ಯಾರಪ್ಪ?

ಮದುವೆ ಸಂಬಂಧ ಹೇಳುವುದನ್ನೇ ನೋಡು. ಹೆಣ್ಣಿನ ಮನೆಯವರಿಗೆ ‘ತುಮಕೂರಲ್ಲಿ ಒಬ್ಬ ಹುಡುಗ ಇದ್ದಾನೆ, ಮೇಷ್ಟ್ರು ಕೆಲಸ’ ಅನ್ನುವುದು ಬೇರೆ, ‘ಕಣ್ಣು ಮುಚ್ಚಿಕೊಂಡು ಕೊಡಿ’ ಅನ್ನುವುದು ಬೇರೆ. ಎರಡನೆಯ ಮಾತು ಆಡಿದವನು ಆ ಸಂಸಾರಕ್ಕೆ ಜಾಮೀನು ನಿಂತ ಹಾಗೆ. ನಿನಗಿನ್ನೂ ಇದು ತಮಾಷೆಯಾಗಿ ಕಾಣುತ್ತೆ, ಇರಲಿ.

ಕುಕ್ಕರ್ ಪ್ರಕರಣ ಕೇಳು. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಕಡ್ಡಾಯ ಗುಣಮಟ್ಟಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳು ಅಮೆಜಾನ್‌ನಲ್ಲಿ 2,265, ಫ್ಲಿಪ್‌ಕಾರ್ಟ್‌ನಲ್ಲಿ 598 ಮಾರಾಟವಾಗಿದ್ದವು. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸ್ ಪಡೆದು ಹಣ ಹಿಂದಿರುಗಿಸಿ ಎಂದೂ ಆದೇಶವಾಯಿತು. ಅದರಲ್ಲಿ ನಿನಗೆ ಬೇಕಾದ ಸಂಗತಿ ದಂಡದ ಮೊತ್ತವಲ್ಲ, ಕಮಿಷನ್ನು. ಆ ಕುಕ್ಕರ್‌ಗಳ ಮಾರಾಟದಿಂದ ಅಮೆಜಾನ್‌ಗೆ ಬಂದದ್ದು 6 ಲಕ್ಷ ಚಿಲ್ಲರೆ. ಒಂದೊಂದು ಮಾರಾಟದಲ್ಲೂ ದುಡ್ಡು ಎಣಿಸಿಕೊಂಡ ಮೇಲೆ, ತೊಂದರೆ ಬಂದಾಗ ‘ನಾವು ಬರೀ ಮಧ್ಯವರ್ತಿ’ ಅನ್ನಲಾಗದು ಎಂಬುದು ಪ್ರಾಧಿಕಾರದ ವಾದ. ಈಗ ನಿನ್ನ ಲಿಂಕನ್ನು ಒಮ್ಮೆ ನೋಡಿಕೋ. ಯಾರಾದರೂ ಅದನ್ನೊತ್ತಿ ಕುಕ್ಕರ್ ಕೊಂಡರೆ ನಿನಗೂ ನಾಲ್ಕು ಕಾಸು ಬರುತ್ತದೆ ತಾನೆ? ಹಾಗಾದರೆ ನೀನೂ ಆ ವ್ಯಾಪಾರದೊಳಗೆ ಒಂದು ಕಾಲಿಟ್ಟೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ದುಡ್ಡೋ, ಪುಕ್ಕಟೆ ಸಾಮಾನೋ ಪಡೆದು ಹೊಗಳಿದರೆ ಅದನ್ನು ಓದುಗನಿಗೆ ಕಾಣುವ ಹಾಗೆ ಹೇಳಬೇಕು. ದಾರಿ ತಪ್ಪಿಸುವ ಹೊಗಳಿಕೆಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೆದರಿಸುತ್ತಿಲ್ಲ. ನಿನ್ನ ಜೇಬು ನನಗೆ ಗೊತ್ತು.

ಶಿಫಾರಸು ಪಾಪವೇನಲ್ಲ. ಸ್ವಂತ ದುಡ್ಡಲ್ಲಿ ಕೊಂಡೆಯಾ, ಎಷ್ಟು ದಿನ ಬಳಸಿದೆ, ಎಲ್ಲಿ ಕೈಕೊಟ್ಟಿತು, ಇಷ್ಟು ಹೇಳಿ ಆಮೇಲೆ ಧಾರಾಳವಾಗಿ ಹೊಗಳು. ಕೂತಲ್ಲೇ ಐದು ನಕ್ಷತ್ರ ಎಣಿಸಿ ‘ಅತ್ಯುತ್ತಮ ಹತ್ತು ಮಿಕ್ಸಿಗಳು’ ಅಂತ ಬರೆಯುತ್ತೀಯಲ್ಲ, ಅದು ಬೇಡ.

‘ನಮ್ಮೂರ ಕಂಪನಿ’ ಎಂಬ ಅಭಿಮಾನದ ವಿಷಯದಲ್ಲೂ ಹುಷಾರು. ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುತ್ತಾ ಹುಟ್ಟಿದ್ದು ನಿಜ. 2018ರಲ್ಲೇ ಅದರ ಮುಕ್ಕಾಲು ಪಾಲು ಅಮೆರಿಕದ ವಾಲ್‌ಮಾರ್ಟ್ ಕೈಸೇರಿತು. ನಿನ್ನ ಬರಹದಲ್ಲಿ ಮಾತ್ರ ಅದು ಇನ್ನೂ ಮನೆಮಗನೇ!

ವರದಿ ಮಾಡಬೇಕೆಂದರೆ ಕೆಲಸ ಬೇಕಾದಷ್ಟಿದೆ. ಎಂಟುನೂರು ರೂಪಾಯಿಗೆ ‘ಇಳಕಲ್ ಸೀರೆ’ ಅಂತ ಪುಟದಲ್ಲಿ ಕಂಡಿತು ಅಂದುಕೋ. ಕೆಳಗೆ ಇಳಿ, ಇನ್ನೂ ಕೆಳಗೆ. ಮಾರುವವರ ಹೆಸರು, ವಿಳಾಸ, ಯಾವ ದೇಶದ ಮಾಲು, ವಾಪಸಾತಿಯ ಷರತ್ತು, ಎಲ್ಲ ಇರಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಇದೆಯಾ? ಸೂರತ್ತಿನ ವಿಳಾಸವಾ? ಸೆರಗನ್ನು ಮೈಗೆ ಕೊಂಡಿ ಹಾಕಿ ಸೇರಿಸಿದ್ದಾರಾ, ಇಲ್ಲ ಮಗ್ಗದ ಸೀರೆಯ ಹಾಗೆ ಕಾಣುವಂತೆ ಅಚ್ಚು ಹಾಕಿದ್ದಾರಾ? ಇಳಕಲ್ಲಿನ ಒಬ್ಬ ನೇಕಾರರಿಗೆ ಫೋನು ಮಾಡಿ, ಆ ಬೆಲೆಗೆ ನೂಲಿನ ಖರ್ಚಾದರೂ ಹುಟ್ಟುತ್ತದಾ ಕೇಳು. ಸಂಜೆಯೊಳಗೆ ಒಳ್ಳೆಯ ವರದಿಯಾಗುತ್ತದೆ. ಅದರಲ್ಲಿ ‘ಕೊಳ್ಳಿ’ ಅಂತಲೂ ಬೇಡ, ‘ಕೊಳ್ಳಬೇಡಿ’ ಅಂತ ರೇಗುವುದೂ ಬೇಡ.

ಚಿಕ್ಕಮ್ಮ ಫೋನು ಮಾಡಿ ‘ಯಾವ ಮಿಕ್ಸಿ ತಗೊಳ್ಳಲಿ’ ಅಂದರೆ ಮಾತ್ರ ಬಾಯಿತುಂಬ ಹೇಳು. ಕೆಟ್ಟರೆ ಅವರು ನಿನ್ನನ್ನೇ ಹಿಡಿಯುತ್ತಾರೆ, ರಿಪೇರಿ ಅಂಗಡಿಗೆ ನೀನೇ ಹೊತ್ತುಕೊಂಡು ಹೋಗುತ್ತೀಯ. ಓದುಗ ನಿನ್ನನ್ನು ಎಲ್ಲಿ ಹುಡುಕಬೇಕು? ಅವನಿಗಿರುವುದು 1915 ಗ್ರಾಹಕ ಸಹಾಯವಾಣಿ. ಆ ನಂಬರು ನಿನ್ನ ಬರಹಗಳಲ್ಲಿ ಇದುವರೆಗೆ ಒಮ್ಮೆಯೂ ಕಂಡಿಲ್ಲವಲ್ಲ, ಯಾಕೆ?