ಅಲೆಗಿಂತ ಬಿಸಿಲೇ ಹಲಗೆಗೆ ಹಗೆ

ಚೆನ್ನೈಯಿಂದ ಪೂರ್ವ ಕರಾವಳಿಯ ರಸ್ತೆ ಹಿಡಿದು ದಕ್ಷಿಣಾಭಿಮುಖವಾಗಿ ಸುಮಾರು 40 ಕಿಲೋಮೀಟರು ಸಾಗಿದರೆ ಸಿಕ್ಕುವ ಕೋವಲಂ ಎಂಬ ಮೀನುಗಾರರ ಗ್ರಾಮದಲ್ಲಿ, ಆ ಊರಿನವರೇ ಆದ ಮೂರ್ತಿ ಮೇಗವನ್ ಅವರು ಅರುಣ್ ವಾಸು ಅವರ ನೆರವಿನೊಡನೆ 2012ರಲ್ಲಿ ಸರ್ಫಿಂಗ್ ಶಾಲೆಯೊಂದನ್ನು ತೆರೆದರು. ನಮ್ಮ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬಿನವರು ಅದಕ್ಕೂ ಮುಂಚೆಯೇ ಈ ವಿದ್ಯೆಯನ್ನು ಕಲಿಸತೊಡಗಿದ್ದರು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ರಮೇಶ್ ಬುದಿಹಾಳ್ ಅವರು ಕಂಚಿನ ಪದಕ ಗಳಿಸಿದ ಮೇಲಂತೂ, ಬೆಂಗಳೂರಿನಿಂದ ರಾತ್ರಿಯೆಲ್ಲ ಕಾರೋಡಿಸಿಕೊಂಡು ಬಂದು ಬೆಳಗಿನ ಜಾವಕ್ಕೇ ಕಡಲಿಗಿಳಿಯುವ ನಮ್ಮ ತರುಣ ತರುಣಿಯರನ್ನು ನಾನು ವಾರವಾರವೂ ಕಾಣುತ್ತಿದ್ದೇನೆ. ಅವರ ಉತ್ಸಾಹ ಸಂತೋಷದಾಯಕವಾದುದು. ಅವರ ಹಲಗೆಗಳ ಸ್ಥಿತಿ ಮಾತ್ರ ದುಃಖಕರವಾದುದು.

ಮೊದಲನೆಯದು, ಆಯ್ಕೆ. ಪದಕ ಗೆದ್ದವರ ಚಿತ್ರದಲ್ಲಿ ಕಂಡ, ಆರಡಿ ಉದ್ದದ, ತೆಳುವಾದ, ಚೂಪುಮೂತಿಯ ಹಲಗೆಯನ್ನೇ ಕೊಂಡುಬಿಡುವ ಆತುರವನ್ನು ಹೊಸಬರು ತಡೆದುಕೊಳ್ಳತಕ್ಕದ್ದು. ಅಂತಹ ಹಲಗೆ ಪಳಗಿದ ಕಾಲಿಗೆ ಮಾತ್ರ ವಶವಾಗತಕ್ಕದ್ದಾದುದರಿಂದ, ಕಲಿಯುವವರು ಅದರ ಮೇಲೆ ವರ್ಷವೆಲ್ಲ ಹೊರಳಾಡಿದರೂ ಹತ್ತು ಸಲ ನೆಟ್ಟಗೆ ನಿಲ್ಲಲಾರರು. ಎಂಟರಿಂದ ಒಂಬತ್ತು ಅಡಿ ಉದ್ದದ, ಇಪ್ಪತ್ತೆರಡು ಅಂಗುಲಕ್ಕೆ ಕಡಮೆಯಿಲ್ಲದ ಅಗಲದ, ಮೇಲ್ಮೈ ಮೆತ್ತಗಿರುವ ಸಾಫ್ಟ್‌ಟಾಪ್ ಹಲಗೆಯೇ ಅವರಿಗೆ ಯೋಗ್ಯ. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಹೇಳುವ ಪದ್ಧತಿಯುಂಟು. ನಿಮ್ಮ ದೇಹದ ತೂಕ ಎಷ್ಟು ಕಿಲೋ ಇದೆಯೋ ಅದಕ್ಕಿಂತ ಕೆಲವು ಲೀಟರು ಹೆಚ್ಚೇ ಇರುವ ಹಲಗೆಯನ್ನು ಆರಿಸಿಕೊಳ್ಳಿರಿ. ಇನ್ನೊಬ್ಬರು ಬಳಸಿದ ಹಲಗೆಯನ್ನು ಕೊಳ್ಳುವುದಾದರೆ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಹೋಗಿರಿ. ಹಳದಿಗಟ್ಟಿದ್ದರೆ ಅದು ವಯಸ್ಸಿನ ಲಕ್ಷಣ, ದೋಷವಲ್ಲ. ಕಂದುಬಣ್ಣದ ಕಲೆಯಿದ್ದರೆ ನೀರು ಒಳಹೊಕ್ಕಿದೆಯೆಂದು ತಿಳಿದು ಬೇರೊಂದನ್ನು ಹುಡುಕಿರಿ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹೊಸಬರು ಅಲೆಯ ಪೆಟ್ಟಿಗೆ ಹೆದರುತ್ತಾರೆ, ಬಂಡೆಗೆ ಹೆದರುತ್ತಾರೆ. ಆದರೆ ಚೆನ್ನೈಯಲ್ಲಿ ಹಲಗೆಗಳನ್ನು ಕೊಲ್ಲುವುದು ಬಿಸಿಲು. ಹೋದ ಮೇ ತಿಂಗಳಿನಲ್ಲಿ, ತಮಿಳರು ಕತ್ತಿರಿ ವೆಯಿಲ್ ಎಂದು ಕರೆಯುವ ಅಗ್ನಿನಕ್ಷತ್ರದ ದಿನಗಳಲ್ಲಿ, ಬೆಂಗಳೂರಿನ ಹುಡುಗನೊಬ್ಬ ಕಪ್ಪು ಚೀಲದಲ್ಲಿದ್ದ ಹೊಸ ಹಲಗೆಯನ್ನು ಕಾರಿನ ಮೇಲೆಯೇ ಕಟ್ಟಿಬಿಟ್ಟು ಊಟಕ್ಕೆ ಹೋದ. ಹಿಂತಿರುಗಿ ಚೀಲ ಬಿಚ್ಚಿದಾಗ, ಹಲಗೆಯ ನಡುವೆ, ಎದೆಯೂರಿ ಮಲಗುವ ಜಾಗದಲ್ಲಿ, ಅಂಗೈಯಗಲದ ಉಬ್ಬೊಂದು ಎದ್ದಿತ್ತು. ಬೆರಳಿನಿಂದ ಒತ್ತಿದರೆ ಅದು ತಗ್ಗಿ, ಬಿಟ್ಟೊಡನೆ ಪುನಃ ಏಳುತ್ತಿತ್ತು. ಆತ ನನ್ನನ್ನು ಕೇಳಿದ್ದು ಒಂದೇ ಮಾತು: “ಸಾರ್, ಇದು ತಣ್ಣಗಾದರೆ ಕೂತುಕೊಳ್ಳುತ್ತದೆಯೇ?” ಕೂತುಕೊಳ್ಳುವುದಿಲ್ಲ.

ಕಾರಣವನ್ನು ತಿಳಿದರೆ ಎಚ್ಚರಿಕೆ ತಾನಾಗಿ ಬರುತ್ತದೆ. ಹಲಗೆಯೆಂದರೆ ಹಗುರವಾದ ನೊರೆಪದಾರ್ಥದ ದಿಂಡು; ಅದರ ಸುತ್ತ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ಗಟ್ಟಿಯಾದ ತೊಗಟೆಯನ್ನು ಮಾಡಿರುತ್ತಾರೆ. ದಿಂಡಿನೊಳಗೆ ಸೆರೆಯಾಗಿರುವ ಗಾಳಿ ಕಾವಿಗೆ ಹಿಗ್ಗುತ್ತದೆ, ಅದೇ ಕಾವಿಗೆ ರಾಳದ ಹಿಡಿತ ಸಡಿಲವಾಗುತ್ತದೆ. ಈ ಎರಡೂ ಒಂದೇ ಕಾಲಕ್ಕೆ ನಡೆದಾಗ ತೊಗಟೆ ದಿಂಡನ್ನು ಬಿಟ್ಟು ಮೇಲೇಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿದ ಕಾರಿನ ಒಳಗಿನ ಶಾಖ 60 ಡಿಗ್ರಿಯನ್ನು ಮೀರಬಲ್ಲದು. ಅಲ್ಲಿಟ್ಟ ಹಲಗೆಗೆ ಅರ್ಧ ಗಂಟೆಯೂ ಅಪಾಯಕರ. ಸಾಫ್ಟ್‌ಟಾಪಿಗೆ ಈ ಭಯವಿಲ್ಲವೆಂಬುದು ಭ್ರಮೆ. ಅದರ ಪದರಗಳ ಅಂಟೂ ಹೀಗೆಯೇ ಬಿಟ್ಟುಕೊಳ್ಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ, ಬಹುಮಂದಿ ಅರಿಯದ ಇನ್ನೊಂದು ಕೇಡುಂಟು. ಕೂದಲೆಳೆಯಷ್ಟು ಬಿರುಕು ಬಿಟ್ಟ ಹಲಗೆಯನ್ನು ಬಿಸಿಲಿನಲ್ಲಿ ಕಾಯಿಸಿ, ಕಾದ ಮೈಯೊಡನೆಯೇ ಕಡಲಿಗೆ ಇಳಿಸಿದಿರೆನ್ನಿ. ಹಿಗ್ಗಿದ್ದ ಗಾಳಿ ತಣ್ಣೀರಿನ ಸ್ಪರ್ಶದಿಂದ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗಕ್ಕೆ ಆ ಬಿರುಕಿನ ಮೂಲಕ ಉಪ್ಪುನೀರನ್ನು ಹಲಗೆ ತಾನೇ ಹೀರಿಕೊಳ್ಳುತ್ತದೆ. ಮೂರು ತಿಂಗಳು ಕಳೆದ ಮೇಲೆ ಹಲಗೆ ಭಾರವಾಯಿತೆಂದು ಕೊರಗುವವರು ಈ ದಿನವನ್ನು ನೆನೆಯುವುದೇ ಇಲ್ಲ. ಆದುದರಿಂದ, ನೀರಿನಿಂದ ಮೇಲೆ ಬಂದೊಡನೆ ಹಲಗೆಯನ್ನು ನೆರಳಿಗೆ ಒಯ್ದು, ಸಿಹಿನೀರಿನಿಂದ ತೊಳೆದು, ನೆರಳಿನಲ್ಲಿಯೇ ಒಣಗಿಸಿ, ಬೆಳ್ಳಿಬಣ್ಣದ ಇಲ್ಲವೆ ಬಿಳಿಯ ಚೀಲದಲ್ಲಿ ಇಡತಕ್ಕದ್ದು. ಬಿರುಕು ಕಂಡರೆ ಅಂದಿಗೆ ಆಟ ಮುಗಿಯಿತೆಂದು ಭಾವಿಸಿರಿ. ಬಿರುಕಿನ ಭಾಗ ಕೆಳಗಾಗುವಂತೆ ನಿಲ್ಲಿಸಿ, ನೀರು ಬಸಿದು ಪೂರ್ಣವಾಗಿ ಒಣಗುವವರೆಗೆ ಕೆಲವು ದಿನ ಕಾಯಿರಿ; ಹಸಿಯಿರುವಾಗಲೇ ಎಂ-ಸೀಲ್ ಮೆತ್ತಿ ಮುಚ್ಚುವುದು, ಕೀವು ತೆಗೆಯದೆ ಗಾಯಕ್ಕೆ ಪಟ್ಟಿ ಕಟ್ಟಿದಂತೆ. ರಾಳವನ್ನು ಕೊಳ್ಳುವಾಗಲೂ ಎಚ್ಚರವಿರಲಿ: ಒಳಗಿನ ದಿಂಡು ಥರ್ಮೊಕೋಲಿನ ಜಾತಿಯದಾದರೆ ಪಾಲಿಯೆಸ್ಟರ್ ರಾಳ ಅದನ್ನು ಕರಗಿಸಿಬಿಡುತ್ತದೆ, ಎಪಾಕ್ಸಿಯಾದರೋ ಥರ್ಮೊಕೋಲಿನ ದಿಂಡಿಗೂ ಬೇರೆ ಬಗೆಯ ದಿಂಡಿಗೂ ಒಗ್ಗುವಂಥದು.

ಇನ್ನು ಹಲಗೆಯ ಹಿಂತುದಿಯ ಅಡಿಯಲ್ಲಿರುವ ಫಿನ್ನುಗಳು. ಮೂರು ಫಿನ್ನುಗಳ ಥ್ರಸ್ಟರ್ ವಿನ್ಯಾಸವನ್ನು ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ 1981ರಲ್ಲಿ ಪ್ರಸಿದ್ಧಿಗೆ ತಂದ. ಇಂದು ಅದೇ ಸರ್ವಸಾಮಾನ್ಯ. ನಡುವಿನ ಫಿನ್ನಿನ ಎರಡು ಮುಖಗಳೂ ಒಂದೇ ತೆರನಾಗಿ ಉಬ್ಬಿರುತ್ತವೆ. ಪಕ್ಕದವು ಸಾಮಾನ್ಯವಾಗಿ ಒಂದು ಮುಖ ಚಪ್ಪಟೆ, ಒಂದು ಮುಖ ಉಬ್ಬು. ಚಪ್ಪಟೆ ಮುಖ ನಡುವಿನ ಫಿನ್ನಿನ ಕಡೆಗೂ ಉಬ್ಬಿದ ಮುಖ ಹೊರಕ್ಕೂ ಇರಬೇಕು, ಬಾಗಿದ ತುದಿ ಹಿಂದಕ್ಕೆ ಚಾಚಿರಬೇಕು. ಎಡಬಲಗಳನ್ನು ಅದಲುಬದಲು ಮಾಡಿ, ಹಲಗೆ ತಿರುಗದೆಂದು ಅಲೆಯನ್ನು ದೂರುವವರನ್ನು ನಾನು ಕಂಡಿದ್ದೇನೆ. ಫಿನ್ನನ್ನು ಕೂರಿಸುವ ಮೊದಲು ಗೂಡಿನಲ್ಲಿರುವ ಮರಳನ್ನು ಊದಿ ತೆಗೆಯಿರಿ. ತಿರುಪನ್ನು ಫಿನ್ನು ಅಲುಗಾಡದಷ್ಟು ಮಾತ್ರ ಬಿಗಿಯಿರಿ. ಹೆಚ್ಚು ಬಿಗಿದರೆ ಗೂಡೇ ಸೀಳುತ್ತದೆ. ಕಲಿಯುವವರಿಗೆ ಬಾಗುವ ಪ್ಲಾಸ್ಟಿಕ್ ಫಿನ್ನುಗಳೇ ಕ್ಷೇಮಕರ. ಮೈಗೆ ತಗುಲಿದರೆ ಕೊಯ್ಯುವುದು ಕಡಮೆ.

ಸ್ಥಳಾಭಾವದಿಂದ ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೇಣವನ್ನು ಹಲಗೆಯ ಮೇಲ್ಮೈಗೆ ಮಾತ್ರ ಉಜ್ಜಿರಿ, ಉಷ್ಣವಲಯದ ನೀರಿಗೆಂದೇ ಮಾಡಿದ ಮೇಣವನ್ನೇ ಕೊಳ್ಳಿರಿ. ಹಲಗೆಯನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗ ಹಲಗೆಯಷ್ಟೇ ಉದ್ದವಿರಲಿ, ಸವೆದೊಡನೆ ಬದಲಾಗಲಿ. ಮೀನುಗಾರರ ಬಲೆಗಳಿಂದ ದೂರವಿರಿ. ಆ ಕಡಲು ಮೊದಲು ಅವರ ಜೀವನೋಪಾಯ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಕಾಲದಲ್ಲಿ ಫಿನ್ನುಗಳನ್ನು ಕಳಚಿ, ಹಲಗೆಯನ್ನು ಮನೆಯೊಳಗೆ ಇಟ್ಟುಬಿಡಿ. ಮುಂದಿನ ಭಾನುವಾರ ಕೋವಲಂಗೆ ಹೊರಡುವವರು ಹಲಗೆಯ ಜೊತೆಗೆ ಹಳೆಯ ಬಿಳಿ ಪಂಚೆಯೊಂದನ್ನೂ ಒಯ್ಯಿರಿ. ನೆರಳು ಸಿಕ್ಕದ ಕಡೆ ಅದನ್ನು ನೆನೆಸಿ ಹೊದಿಸಿರಿ.