ಹೆಪ್ಪು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಆದರೆ ಮಾವು ವರ್ಷಕ್ಕೊಮ್ಮೆ ಕೈಗೆ ಬರುವ ಫಸಲು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೆರೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿಕೊಂಡ ಈ ಸೀಮೆಯ ಅನೇಕ ಕುಟುಂಬಗಳಲ್ಲಿ ದಿನದಿನದ ಖರ್ಚನ್ನು ತೂಗಿಸುವುದು ಕೊಟ್ಟಿಗೆಯ ಹಸು. ಬೆಳಗ್ಗೆ ಮತ್ತು ಸಂಜೆ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಕ್ಯಾನು ಹಿಡಿದವರ ಸಾಲು ನಿಲ್ಲುತ್ತದೆ. ಜನರ ಬಾಯಲ್ಲಿ ಆ ಸಂಘದ ಹೆಸರು ಬರಿಯ 'ಡೈರಿ'.

ಡೈರಿಗೆ ಹೊರಟ ಹಾಲಿನಲ್ಲಿ ಮನೆಯಾಕೆ ಒಂದಿಷ್ಟನ್ನು ಉಳಿಸಿಕೊಳ್ಳುತ್ತಾಳೆ. ಎಷ್ಟು ಉಳಿಸಬೇಕೆಂಬುದು ಸುಲಭದ ಲೆಕ್ಕವಲ್ಲ. ಉಳಿಸಿದ ಹಾಲಿಗೆ ಹಣ ಬಾರದು. ಉಳಿಸದಿದ್ದರೆ ಮಕ್ಕಳ ಅನ್ನಕ್ಕೆ ಮೊಸರಿಲ್ಲ, ರಾಗಿಯ ಅಂಬಲಿಗೆ ಮಜ್ಜಿಗೆಯಿಲ್ಲ. ಹಿಂದೆ ಈ ಇಕ್ಕಟ್ಟು ಇಷ್ಟು ತೀವ್ರವಾಗಿರಲಿಲ್ಲ. ಹಳ್ಳಿಯಲ್ಲಿ ಹಾಲನ್ನು ಕೊಳ್ಳುವವರು ವಿರಳವಾಗಿದ್ದ ಕಾಲದಲ್ಲಿ, ಬೇಗನೆ ಕೆಡುವ ಹಾಲನ್ನು ಹೆಪ್ಪು ಹಾಕಿ, ಮೊಸರನ್ನು ಕಡೆದು, ಬೆಣ್ಣೆಯನ್ನು ಕಾಯಿಸಿ ತುಪ್ಪವಾಗಿಸುವುದೇ ಅದನ್ನು ಕಾಪಾಡುವ ಉಪಾಯವಾಗಿತ್ತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿಯ ಯೋಜನೆ ಆರಂಭವಾಗಿ ಸಹಕಾರ ಸಂಘಗಳು ಬೆಳೆದ ಮೇಲೆ ಹಾಲೇ ನಗದಾಯಿತು. ಮನೆಯ ಮೊಸರಿನ ಗಡಿಗೆ ಚಿಕ್ಕದಾಯಿತು.

ಗಡಿಗೆ ಚಿಕ್ಕದಾದರೂ ಕೆಲಸದ ಕ್ರಮ ಬದಲಾಗಲಿಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಬೇಕು. ಬೆರಳನ್ನು ಅದ್ದಿದರೆ ಬಿಸಿ ಹಿತವಾಗಿ ತಾಗಬೇಕು. ಉಷ್ಣಮಾಪಕದಲ್ಲಿ ಇದು ಸುಮಾರು 40 ಡಿಗ್ರಿ ಸೆಲ್ಸಿಯಸ್. ಆಗ ಹಿಂದಿನ ದಿನದ ಮೊಸರನ್ನು ಒಂದು ಚಮಚದಷ್ಟು ಬೆರೆಸಿ, ಮುಚ್ಚಿ, ಅಲುಗಿಸದೆ ಇಡುತ್ತಾರೆ. ಬೇಸಿಗೆಯಲ್ಲಿ ಅರ್ಧ ಚಮಚ ಸಾಕು. ಮಾಗಿಯ ಚಳಿಯಲ್ಲಿ ಹೆಪ್ಪನ್ನು ಹೆಚ್ಚಿಸಿ, ಪಾತ್ರೆಗೆ ಬಟ್ಟೆ ಸುತ್ತಿ, ಆರಿದ ಒಲೆಯ ಬದಿಯಲ್ಲಿ ಇಡುವುದುಂಟು. ಮಣ್ಣಿನ ಕುಡಿಕೆಯಾದರೆ ಅದರ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಮೊಸರು ಗಟ್ಟಿಯಾಗುತ್ತದೆ, ತಂಪಾಗಿಯೂ ಇರುತ್ತದೆ.

ಮುಚ್ಚಿದ ಪಾತ್ರೆಯೊಳಗೆ ಏನೂ ನಡೆಯುತ್ತಿರುವಂತೆ ಬರಿಗಣ್ಣಿಗೆ ತೋರದು. ಆದರೆ ಆ ಒಂದು ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ಅವು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಆಮ್ಲ ಹೆಚ್ಚಿದಂತೆ ಹಾಲಿನ ಪಿಎಚ್ ಅಂಕ ಸುಮಾರು 6.7ರಿಂದ ಇಳಿಯತೊಡಗುತ್ತದೆ. ಅದು 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು, ನೀರನ್ನೂ ಕೊಬ್ಬನ್ನೂ ಹಿಡಿದಿಡುವ ಬಲೆಯಾಗುತ್ತವೆ. ಆ ಬಲೆಯೇ ಮೊಸರು. ಕುದಿಯುವಷ್ಟು ಬಿಸಿಯಾದ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಗಳು ಸಾಯುತ್ತವೆ; ತಣ್ಣಗಿನ ಹಾಲಿನಲ್ಲಿ ಅವು ಬಹಳ ನಿಧಾನವಾಗಿ ಬೆಳೆಯುತ್ತವೆ. ಬೆರಳ ತುದಿಯ ಪರೀಕ್ಷೆಗೆ ಇಷ್ಟು ಮಹತ್ವವಿದೆ.

ಹಾಲು ಹುಳಿಯಾಗಲು ಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಸ್ಚರ್ 1857ರಲ್ಲಿ ಪ್ರತಿಪಾದಿಸಿದನು. ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿದ್ದ ಬ್ಯಾಕ್ಟೀರಿಯವನ್ನು 1905ರಲ್ಲಿ ಗುರುತಿಸಿದನು. ಅಂತಹ ಜೀವಿಗಳನ್ನು ಕಾಣದೆಯೂ ಅವುಗಳ ಸಂತತಿಯನ್ನು ತಲೆಮಾರುಗಳ ಕಾಲ ಅಡುಗೆಮನೆಯಲ್ಲಿ ಉಳಿಸಿಕೊಂಡು ಬಂದ ಹೆಂಗಸರ ಜಾಣ್ಮೆ ಪ್ರಯೋಗಶಾಲೆಯ ಜಾಣ್ಮೆಗಿಂತ ಕಿರಿದೆಂದು ಹೇಳಲಾಗದು.

ಕೆಲವೊಮ್ಮೆ ಎಲ್ಲವನ್ನೂ ಕ್ರಮದಂತೆ ಮಾಡಿದರೂ ಬೆಳಗ್ಗೆ ಮುಚ್ಚಳ ತೆಗೆದಾಗ ಹಾಲು ಹಾಲಾಗಿಯೇ ಇರುತ್ತದೆ. ಚಳಿ ಹೆಚ್ಚಾಗಿರಬಹುದು, ಹೆಪ್ಪು ಹಳತಾಗಿರಬಹುದು. ಇವೆರಡೂ ಅಲ್ಲವಾದರೆ ಕೊಟ್ಟಿಗೆಯತ್ತ ನೋಡಬೇಕು. ಹಸುವಿಗೆ ಕೆಚ್ಚಲುಬಾವು ಬಂದಾಗ ಪಶುವೈದ್ಯರು ಪೆನಿಸಿಲಿನ್ ಮೊದಲಾದ ಔಷಧಗಳನ್ನು ಕೊಡುತ್ತಾರೆ. ರೋಗದ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆ ಔಷಧ ಹಾಲಿಗೂ ಇಳಿದು ಹೆಪ್ಪಿನ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ. ಹಾಲನ್ನು ಕುದಿಸಿದರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಅಂತಹ ಹಾಲು ಅಪಾಯಕಾರಿಯೂ ಆಗಬಹುದು. ಆದುದರಿಂದ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಕುಡಿಯಬಾರದು, ಡೈರಿಗೂ ಹಾಕಬಾರದು.

ಒಂದೇ ಹಸುವಿರುವ ಮನೆಗೆ ಇದು ಕಠಿಣವಾದ ನಿಯಮ. ನಾಲ್ಕಾರು ದಿನ ಹಾಲಿನ ಹಣವಿಲ್ಲ. ಆದರೂ ಹಸುವಿಗೆ ಮೇವು, ಹಿಂಡಿ, ಔಷಧ ಬೇಕೇ ಬೇಕು. ಹಾಲಿನ ಬಣ್ಣ ಬದಲಾಗಿರುವುದಿಲ್ಲ, ರುಚಿಯಿಂದಲೂ ತಿಳಿಯದು, ಕ್ಯಾನಿಗೆ ಸುರಿದರೆ ಇತರರ ಹಾಲಿನಲ್ಲಿ ಬೆರೆತುಹೋಗುತ್ತದೆ. ಅದನ್ನು ಸುರಿಯದೆ ಚೆಲ್ಲುವವರ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರುವುದಿಲ್ಲ.

ಹೀಗೆ ಮೊಸರಾಗದ ದಿನ ಮರುದಿನಕ್ಕೆ ಹೆಪ್ಪೂ ಉಳಿಯುವುದಿಲ್ಲ. ಒಣಮೆಣಸಿನಕಾಯಿಯ ತೊಟ್ಟುಗಳನ್ನು ಬೆಚ್ಚಗಿನ ಹಾಲಿನಲ್ಲಿ ಹಾಕಿ ಹೊಸದಾಗಿ ಹೆಪ್ಪು ಕಟ್ಟಿಸುವ ವಾಡಿಕೆಯೊಂದಿದೆ. ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಗಳೇ ಅಲ್ಲಿ ಕೆಲಸ ಮಾಡುತ್ತವೆ. ಆದರೆ ಅದು ಒಂದೇ ಸಲಕ್ಕೆ ಹದಕ್ಕೆ ಬರುವುದು ಅಪರೂಪ. ನೆರೆಮನೆಯಿಂದ ಹೆಪ್ಪು ತರುವುದೇ ನೆಚ್ಚಿನ ದಾರಿ. ಕನ್ನಡದೊಂದಿಗೆ ತೆಲುಗೂ ಮನೆಮಾತಾಗಿರುವ ಶ್ರೀನಿವಾಸಪುರದ ಸೀಮೆಯಲ್ಲಿ ಹೆಪ್ಪನ್ನು 'ತೋಡು' ಎಂದೂ ಕರೆಯುತ್ತಾರೆ. ತೆಲುಗಿನಲ್ಲಿ ಆ ಮಾತಿಗೆ ಜೊತೆ, ಸಂಗಡಿಗ ಎಂಬ ಅರ್ಥವೂ ಇದೆ. ದೀಪ ಹಚ್ಚಿದ ಮೇಲೆ ಮೊಸರನ್ನು ಮನೆಯಿಂದ ಹೊರಗೆ ಕೊಡಬಾರದೆಂಬ ರೂಢಿ ಹಲವು ಮನೆಗಳಲ್ಲಿರುವುದರಿಂದ, ಹೆಪ್ಪಿಗಾಗಿ ಬಟ್ಟಲು ಹಿಡಿದ ಹುಡುಗಿ ಹೊತ್ತು ಮುಳುಗುವ ಮುನ್ನವೇ ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಾಳೆ.